ಸೋಲಾರ್ ಕ್ಯಾಲ್ಕುಲೇಟರ್ ಒಳಗೊಂದು ಕೆಂಪು ಎಲ್‌ಇಡಿ

ಅಪ್ಪನ ಹಳೇ ಸೋಲಾರ್ ಕ್ಯಾಲ್ಕುಲೇಟರ್ ಅಂಗಳದ ಬಿಸಿಲಲ್ಲಿ ಚೆನ್ನಾಗೇ ಓಡ್ತಿತ್ತು, ಒಳಗೆ ಟ್ಯೂಬ್‌ಲೈಟ್ ಕೆಳಗೆ ತಂದ್ರೆ ಮಾತ್ರ ಅಂಕೆ ಎಲ್ಲಾ ಮಸುಕಾಗಿ ಹೋಗ್ಬಿಡೋದು. ಎಂಬತ್ತರ ದಶಕದ್ದು, ಬ್ಯಾಟರಿ ಹಾಕೋ ಜಾಗನೇ ಇಲ್ಲ. ಸೋಲಾರ್ ಪಟ್ಟಿನೇ ಹೋಗಿದೆ ಬಿಡು ಅಂದ್ರು ಮನೇಲಿ, ನಂಗ್ಯಾಕೋ ನಂಬಿಕೆ ಬರ್ಲಿಲ್ಲ, ಹಿಂದಿನ ಸ್ಕ್ರೂ ಬಿಚ್ಚಿದೆ.

ಒಳಗೆ ಇರೋದು ಇಷ್ಟೇ: ಕರೀ ಎಪಾಕ್ಸಿ ಬೊಟ್ಟಿನ ಕೆಳಗೆ ಲೆಕ್ಕ ಮಾಡೋ ಒಂದೇ ಚಿಪ್ಪು, ಸ್ವಲ್ಪ ಕರೆಂಟ್ ಹಿಡಿದಿಟ್ಕೊಳ್ಳೋ ಪುಟ್ಟ ಕೆಪಾಸಿಟರ್, ಆಮೇಲೆ ಒಂದು ಕೆಂಪು ಎಲ್‌ಇಡಿ. ಹೊರಗೆ ಕಾಣೋದೇ ಇಲ್ಲ, ಮುಚ್ಚಿದ ಡಬ್ಬಿಯೊಳಗೆ ದೀಪ ಯಾಕಪ್ಪಾ ಅಂತ ಬೋರ್ಡ್ ಮೇಲಿನ ತಾಮ್ರದ ಗೆರೆ ಹಿಡ್ಕೊಂಡು ಹೋದೆ, ಅದು ಸೋಲಾರ್ ಪಟ್ಟಿಗೆ ಪ್ಯಾರಲಲ್ಲಾಗಿ, ಅಂದ್ರೆ ಪಟ್ಟಿಯ ಎರಡೂ ತುದಿಗೆ ಅಡ್ಡಲಾಗಿ ಕೂತಿದೆ. ಪಟ್ಟಿ ಅಂದ್ರೆ ಗಾಜಿನ ಮೇಲೆ ನಾಲ್ಕು ಭಾಗ ಸೀರೀಸಲ್ಲಿ, ಒಂದರ ಹಿಂದೊಂದು, ಬಿಸಿಲಿಗೆ ಹಿಡಿದ್ರೆ ಎಲ್ಲಾ ಸೇರಿ 2 ವೋಲ್ಟ್ ದಾಟುತ್ತೆ, ಆದ್ರೆ ಚಿಪ್ಪಿಗೆ ಬೇಕಾಗಿರೋದು ಒಂದೂವರೆ ಆಸುಪಾಸು. ಕೆಂಪು ಎಲ್‌ಇಡಿ ಸುಮಾರು 1.6 ವೋಲ್ಟಿಗೆ ಕರೆಂಟ್ ಬಿಡೋಕೆ ಶುರು ಮಾಡುತ್ತಲ್ಲ, ಜಾಸ್ತಿಯಾಗಿದ್ದೆಲ್ಲ ಅದ್ರಲ್ಲೇ ಹರಿದು ಹೋಗುತ್ತೆ, ಕೆರೆ ಕೋಡಿ ಥರ. ಮಂದ ಬೆಳಕಲ್ಲಿ ಅದು ಸುಮ್ನಿರುತ್ತೆ, ಒಂದು ಹನಿನೂ ಕುಡಿಯಲ್ಲ. ಎಷ್ಟು ಚೆಂದದ ಯೋಚನೆ ನೋಡಿ!

ಶಾರ್ಪ್‌ನೋರು 1976ರಲ್ಲೇ ಸೋಲಾರ್ ಕ್ಯಾಲ್ಕುಲೇಟರ್ ತಂದಿದ್ರು, ಆದ್ರೆ ಇವು ಮನೆ ಮನೆಗೆ ಬಂದಿದ್ದು ಅಮಾರ್ಫಸ್ ಸಿಲಿಕಾನ್ (ಗಾಜಿನ ಮೇಲೆ ತೆಳ್ಳಗೆ ಕೂರಿಸೋ ಸಿಲಿಕಾನ್ ಪದರ) ಬಂದ್ಮೇಲೆ, ಅದಕ್ಕೆ ಟ್ಯೂಬ್‌ಲೈಟ್ ಬೆಳಕು ಚೆನ್ನಾಗಿ ಒಗ್ಗುತ್ತೆ. 1983ರ ಕ್ಯಾಸಿಯೋ ಎಸ್‌ಎಲ್-800 ಅಂತೂ ಬರೀ 0.8 ಮಿಲಿಮೀಟರ್ ದಪ್ಪ.

ನಮ್ಮದಕ್ಕೆ ಟ್ಯೂಬ್‌ಲೈಟ್ ಕೆಳಗೆ ಮೀಟರ್ ಇಟ್ರೆ 0.9 ವೋಲ್ಟ್. ಪಟ್ಟಿಯ ವೈರ್ ಬಿಡಿಸಿ ಅದೊಂದನ್ನೇ ನೋಡಿದ್ರೆ 1.9! ಅಂದ್ರೆ ಪಟ್ಟಿ ಗಟ್ಟಿಯಾಗೇ ಇದೆ, ಬೇರೆ ಯಾರೋ ಕುಡೀತಿದಾರೆ. ಇಡೀ ಯಂತ್ರ ಓಡೋದೇ ಕೆಲವು ಮೈಕ್ರೋಆಂಪಲ್ಲಿ, ಹಾಗಾಗಿ ಸಣ್ಣ ಲೀಕೂ ಅದಕ್ಕೆ ದೊಡ್ಡದೇ. ಕೆಪಾಸಿಟರ್‌ನ ಒಂದು ಕಾಲು ಎತ್ತಿ ವೈರ್ ವಾಪಸ್ ಹಾಕಿದೆ, ಅಂಕೆ ಕಪ್ಪಗೆ ಎದ್ದು ಬಂತು, ಕುಡೀತಿದ್ದಿದ್ದು ಅದೇ. ಹಂಗಂತ ಕೆಪಾಸಿಟರ್ ಇಲ್ದೆ ಬಿಡೋಕಾಗಲ್ಲ, ಕೈ ನೆರಳು ಬಿದ್ರೆ ಲೆಕ್ಕ ಅಳಿಸಿ ಹೋಗುತ್ತೆ. ಅದೇ ರೇಟಿಂಗಿಂದು ಹೊಸದು ಬೆಸುಗೆ ಹಾಕಿದೆ.

ಮುಚ್ಚೋವಾಗ ಒಂದು ಎಚ್ಚರಿಕೆ, ಡಿಸ್‌ಪ್ಲೇ ಮತ್ತೆ ಬೋರ್ಡ್ ನಡುವೆ ಕರೆಂಟ್ ದಾಟಿಸೋ ಜೀಬ್ರಾ ರಬ್ಬರ್ ಪಟ್ಟಿಗೆ ಬೆಸುಗೆ ಇರಲ್ಲ, ಬರೀ ಒತ್ತಡದಲ್ಲೇ ಕೂತಿರುತ್ತೆ. ನಂದು ಕೂದಲೆಳೆಯಷ್ಟು ಸರಿದಿದ್ದಕ್ಕೆ 8 ಒತ್ತಿದ್ರೆ 6 ಥರ ಕಾಣ್ತಿತ್ತು, ಮತ್ತೆ ಬಿಚ್ಚಿ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಕೂರಿಸಿದ್ಮೇಲೆ ಸರಿಹೋಯ್ತು. ಈಗ ಸೋಲಾರ್ ಪಟ್ಟಿ ಮೇಲೆ ಬೆರಳಿಟ್ರೂ ಅಂಕೆ ಒಂದು ಕ್ಷಣ ನಿಂತು ಆಮೇಲೆ ಮಾಸುತ್ತೆ.