ಹಳೇ ಬಟ್ಟೆ ಬೀರುನ ಗೋಸುಂಬೆ ಮನೆ ಮಾಡ್ಕೊಂಡಿದ್ದು ಹೀಗೆ

ನನ್ನ ಹತ್ರ ಇರೋದು ವೇಲ್ಡ್ ಗೋಸುಂಬೆ, ಯೆಮೆನ್ ಮತ್ತೆ ಸೌದಿ ಅರೇಬಿಯಾ ಕಡೆ ಜಾತಿ, ತಲೆ ಮೇಲೆ ಕಿರೀಟ ಎತ್ತರಕ್ಕೆ ಎದ್ದಿರುತ್ತಲ್ಲ ಅದು. ಕಾಡಿಂದ ಹಿಡಿದು ತಂದಿದ್ದಲ್ಲ, ಸಾಕಿದವರ ಹತ್ರಾನೇ ಮೊಟ್ಟೆ ಒಡೆದು ಹುಟ್ಟಿದ್ದು. ದೊಡ್ಡದಾದ್ಮೇಲೆ ಇದಕ್ಕೆ ಕಮ್ಮಿ ಅಂದ್ರೂ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರದ ಜಾಗ ಬೇಕು. ರೆಡಿಮೇಡ್ ಸಿಗೋವು ಹೆಚ್ಚಾಗಿ ಸುತ್ತಲೂ ಮೆಶ್ ಇರೋವು, ನನ್ನ ರೂಮಲ್ಲಿ ಗಾಳಿ ಒಣ, ಸಿಂಪಡಿಸಿದ ನೀರು ನೋಡ್ತಾ ನೋಡ್ತಾ ಆರಿಹೋಗುತ್ತೆ. ಅದಕ್ಕೆ ಮೂರು ಕಡೆ ಮುಚ್ಚಿರೋ, ಮುಂದೆ ಮತ್ತೆ ಮೇಲೆ ಮಾತ್ರ ಗಾಳಿ ಆಡೋ ಪೆಟ್ಟಿಗೆ ಬೇಕಿತ್ತು, ಮರದ ಬೀರು ಒಂದು ಖಾಲಿ ಬಿದ್ದಿತ್ತು, ಶುರು ಮಾಡೇಬಿಟ್ಟೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಬೀರುನ ಮಾಡೋದೇ ಒಳಗಡೆ ತೇವ ಹೋಗ್ಬಾರದು ಗಾಳಿ ಆಡ್ಬಾರದು ಅಂತ, ಗೋಸುಂಬೆಗೆ ಬೇಕಾಗಿರೋದು ಆ ಎರಡೇ! ಹಂಗಾಗಿ ಕತ್ತರಿಸೋದು ಸ್ಕ್ರೂ ಹೊಡೆಯೋದು ಬೇಗ ಮುಗಿದುಹೋಗುತ್ತೆ, ನೀರು ಎಲ್ಲಿಂದ ಆಚೆ ಹೋಗ್ಬೇಕು ಗಾಳಿ ಎಲ್ಲಿಂದ ಒಳಗೆ ಬರ್ಬೇಕು ಅನ್ನೋದರಲ್ಲೇ ತಲೆ ಓಡಿಸ್ಬೇಕಾಗೋದು.

ಯಾವ ಬೀರು ಆದ್ರೂ ನಡೆಯುತ್ತೆ ಅನ್ಕೋಬೇಡಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ (ಮರದ ಪುಡಿ, ನಾರು ಒತ್ತಿ ಅಂಟಿಸಿದ ಹಲಗೆಗಳು) ಇದ್ರೆ ಬಿಟ್ಬಿಡಿ, ಒಂದು ಅಂಚಲ್ಲಿ ನೀರು ಸೇರ್ಕೊಂಡ್ರೆ ಸಾಕು ಉಬ್ಬಿ ಪುಡಿಪುಡಿ ಆಗುತ್ತೆ. ಘನ ಮರ ಇಲ್ಲಾ ದಪ್ಪ ಪ್ಲೈವುಡ್ ಇರ್ಬೇಕು. ಆಮೇಲೆ ಒಳಗೆ ತಲೆ ಹಾಕಿ ಮೂಸಿ ನೋಡಿ, ನುಸಿಗುಳಿಗೆ ವಾಸನೆ ಬಂದ್ರೆ ಆ ಬೀರು ಈ ಕೆಲಸಕ್ಕೆ ಬೇಡ, ನ್ಯಾಫ್ತಲೀನ್ ಮರದೊಳಗೆ ಇಳಿದಿರುತ್ತೆ, ಮೇಲೆ ಬಲ್ಬ್ ಹಾಕಿ ಬೆಚ್ಚಗೆ ಮಾಡಿದ್ರೆ ಮತ್ತೆ ಆಚೆ ಬರೋಕೆ ಶುರು, ಪುಟ್ಟ ಪ್ರಾಣಿಗೆ ಅದು ವಿಷ. ತುಂಬಾ ಹಳೇ ಪೇಂಟ್ ಇದ್ರೂ ಹುಷಾರು, ಆ ಕಾಲದ ಪೇಂಟಲ್ಲಿ ಸೀಸ ಇರೋ ಚಾನ್ಸ್ ಇದೆ, ಉಜ್ಜಿದ್ರೆ ಧೂಳು ನಮ್ಮ ಮೂಗಿಗೇ. ನನ್ನದು ಪೇಂಟ್ ಇಲ್ಲದ್ದು, ಬರೀ ಪಾಲಿಶ್, ಮಾಸ್ಕ್ ಹಾಕ್ಕೊಂಡು ಸ್ಯಾಂಡ್ ಪೇಪರಲ್ಲಿ ತಿಕ್ಕಿ ಬಿಟ್ಟೆ.

ನಂಗೆ ಅನುಕೂಲ ಆಗಿದ್ದು ಅಂದ್ರೆ ಕೆಳಗಿದ್ದ ಡ್ರಾಯರ್. ಅದರ ಮುಂದಿನ ಹಲಗೆ ಮಾತ್ರ ಉಳಿಸ್ಕೊಂಡು ಹಿಂಜ್ ಹಾಕಿ ಬಾಗಿಲು ಮಾಡ್ದೆ, ಒಳಗೆ ನೀರಿನ ಬಕೆಟ್ ಕೂರುತ್ತೆ. ಇನ್ನೊಂದು ಲಾಭ ಏನಪ್ಪಾ ಅಂದ್ರೆ ಡ್ರಾಯರ್ ಎತ್ತರದಷ್ಟು ಗೋಸುಂಬೆ ಜಾಗ ಮೇಲಕ್ಕೆ ಹೋಗುತ್ತೆ, ಇವು ಮರದ ಮೇಲೆ ಬದುಕೋ ಪ್ರಾಣಿಗಳು, ನಮ್ಮ ಕಣ್ಣಿಗಿಂತ ಎತ್ತರದಲ್ಲಿ ಕೂತಿದ್ರೆ ಮಾತ್ರ ನಿರಾಳ, ಮೇಲಿಂದ ಏನಾದ್ರೂ ಬಗ್ಗಿದ್ರೆ ಬೇಟೆಗಾರ ಬಂದ ಅಂತಾನೇ ಲೆಕ್ಕ.

ಒಳಗಿನ ಅಡ್ಡ ಹಲಗೆ ಎಲ್ಲಾ ತೆಗೆದೆ. ಹಿಂದಿನ ತೆಳು ಪ್ಲೈ ಕಿತ್ತು ಪಿವಿಸಿ ಶೀಟ್ ಹಾಕ್ದೆ, ಅದಕ್ಕೆ ನೀರಿನ ಭಯ ಇಲ್ಲ. ಮೇಲಿನ ಹಲಗೇನ ಅಂಚಲ್ಲಿ ಎರಡೆರಡು ಇಂಚು ಬಿಟ್ಟು ಪೂರ್ತಿ ಕತ್ತರಿಸಿ ಮೆಶ್. ಬಾಗಿಲುಗಳಿಗೆ ಗಾಜು ಇತ್ತು, ಅದನ್ನೂ ತೆಗೆದು ಮೆಶ್ಶೇ ಹಾಕ್ದೆ, ಯಾಕಂದ್ರೆ ಗಾಜಲ್ಲಿ ತನ್ನ ಪ್ರತಿಬಿಂಬ ಕಂಡ್ರೆ ಇನ್ನೊಂದು ಗೋಸುಂಬೆ ಬಂದಿದೆ ಅಂತ ಅದು ಕಪ್ಪಗಾಗಿ ಮೈ ಅಗಲ ಮಾಡ್ಕೊಂಡು ದಿನವೆಲ್ಲಾ ಟೆನ್ಶನ್‌ನಲ್ಲಿರುತ್ತೆ. ಫೈಬರ್ ಸೊಳ್ಳೆ ಪರದೆ ಬೇಡ, ಗೋಸುಂಬೆ ಊಟಕ್ಕೆ ಬಿಡೋ ಮಿಡತೆ ಚಿಮ್ಮಂಡೆ ಕಚ್ಚಿ ತೂತು ಮಾಡ್ತವೆ. ಪಿವಿಸಿ ಕೋಟಿಂಗ್ ಇರೋ ಲೋಹದ ಮೆಶ್ ಒಳ್ಳೇದು, ಉಗುರಿಗೂ ನೋವಿಲ್ಲ. ಕಪ್ಪು ಬಣ್ಣದ್ದೇ ತಗೊಳಿ, ಬೆಳ್ಳಗಿನ ಮೆಶ್ಶಲ್ಲಿ ಬೆಳಕು ಹೊಳೆದು ಒಳಗಿರೋದು ಕಾಣೋದೇ ಇಲ್ಲ. ಬಾಗಿಲ ಕೆಳಭಾಗದ ಮರದ ಹಲಗೇಲಿ ಉದ್ದಕ್ಕೆ ಒಂದು ಸೀಳು ಕೊರೆದು ಅಲ್ಲೂ ಮೆಶ್ ಹೊಡೆದೆ. ಮೇಲೆ ಬಲ್ಬಿನ ಬಿಸಿಗೆ ಗಾಳಿ ಎದ್ದು ಹೋಗುತ್ತೆ, ಆ ಜಾಗಕ್ಕೆ ಕೆಳಗಿನ ಸೀಳಿಂದ ತಂಪು ಗಾಳಿ ಎಳ್ಕೊಳ್ಳುತ್ತೆ, ಫ್ಯಾನ್ ಗೀನ್ ಏನೂ ಬೇಡ, ಹಳ್ಳಿ ಅಡುಗೆಮನೆ ಹೊಗೆಗೂಡು ಕೆಲಸ ಮಾಡೋ ಹಂಗೆ.

ಕೊಂಬೆ ಹಾಕೋ ವಿಷಯಕ್ಕೆ ಬಂದ್ರೆ ಮರದ ಗೋಡೆ ಇರೋದು ದೊಡ್ಡ ವರ, ಮೆಶ್ ಕೇಜಲ್ಲಿ ಭಾರದ ಕೊಂಬೆ ನಿಲ್ಲಿಸೋದೇ ಒಂದು ಸರ್ಕಸ್. ಆದ್ರೆ ಸೀಲ್ ಮಾಡಿದ ಗೋಡೆಗೆ ಆಮೇಲೆ ಸ್ಕ್ರೂ ಹೊಡೆದ್ರೆ ಆ ತೂತಿಂದಾನೇ ನೀರು ಇಳಿಯುತ್ತೆ. ಅದಕ್ಕೆ ಮೊದಲೇ ಎರಡೂ ಪಕ್ಕದ ಗೋಡೆಗೆ ಉದ್ದುದ್ದ ಪಟ್ಟಿ ಹೊಡೆದು, ಎಲ್ಲಾ ಸೇರಿಸಿ ಸೀಲ್ ಮಾಡಿ, ಆಮೇಲೆ ಕೊಂಬೆ ಸ್ಕ್ರೂ ಆ ಪಟ್ಟಿಗೆ ಮಾತ್ರ. ಪಟ್ಟಿ ಕೆಟ್ಟರೆ ಪಟ್ಟಿ ಬದಲಾಯಿಸಿದ್ರಾಯ್ತು, ಬೀರು ಸೇಫ್.

ಸೀಲ್ ಮಾಡೋಕೆ ನೀರಿನ ಬೇಸ್ ಇರೋ ಪಾಲಿಯುರೆಥೇನ್ ವಾರ್ನಿಶ್, ಕೋಟ್ ಮೇಲೆ ಕೋಟ್, ಮಧ್ಯ ಮಧ್ಯ ಹಗುರಾಗಿ ಉಜ್ಜಿ. ಕತ್ತರಿಸಿದ ಅಂಚುಗಳಿಗೆ ಇನ್ನೂ ಜಾಸ್ತಿ, ಮರ ನೀರು ಕುಡಿಯೋದೇ ಅಲ್ಲಿಂದ. ಮೂಲೆಗಳಿಗೆಲ್ಲಾ ಸಿಲಿಕೋನ್, ಫಂಗಸ್ ತಡೆಯೋ ಕೆಮಿಕಲ್ ಸೇರಿಸದೇ ಇರೋದು. ಮೂಲೆ ಸಂದು ಮುಚ್ಚೋದಕ್ಕೆ ಇನ್ನೊಂದು ಕಾರಣಾನೂ ಇದೆ, ತಿನ್ನದೇ ಉಳಿದ ಚಿಮ್ಮಂಡೆಗಳು ಅಲ್ಲಿ ಸೇರ್ಕೊಂಡು ರಾತ್ರಿ ಮಲಗಿರೋ ಗೋಸುಂಬೇನೇ ಕಚ್ಚುತ್ತವೆ. ಕೋಟಿಂಗ್ ಮುಟ್ಟಿದ್ರೆ ಒಣಗಿದೆ ಅನ್ಸುತ್ತೆ, ನಂಬಬೇಡಿ, ಪೂರ್ತಿ ಗಟ್ಟಿಯಾಗೋಕೆ ವಾರಗಳೇ ಬೇಕು, ವಾಸನೆ ಒಂಚೂರೂ ಇಲ್ಲ ಅನ್ನೋ ತನಕ ಬಾಗಿಲು ತೆಗೆದಿಟ್ಟು ಕಾಯಿರಿ.

ನೆಲಕ್ಕೆ ಪಿವಿಸಿ ಶೀಟನ್ನ ಸ್ವಲ್ಪ ಓರೆಯಾಗಿ ಕೂರಿಸಿದೀನಿ, ತಗ್ಗಿನ ಮೂಲೇಲಿ ತೂತು, ಅಲ್ಲಿಂದ ಪೈಪ್, ಕೆಳಗೆ ಡ್ರಾಯರ್ ಜಾಗದ ಬಕೆಟ್‌ಗೆ. ಮಣ್ಣು ಗಿಣ್ಣು ಏನೂ ಹಾಕಿಲ್ಲ, ಖಾಲಿ ನೆಲ, ಒರೆಸೋದು ಸುಲಭ. ಬಟ್ಟಲಲ್ಲಿ ನಿಂತ ನೀರನ್ನ ಗೋಸುಂಬೆ ಸಾಮಾನ್ಯವಾಗಿ ಗುರುತಿಸೋದೇ ಇಲ್ಲ, ಎಲೆ ಮೇಲೆ ಹನಿ ಅಲುಗಾಡ್ಬೇಕು, ಆಗ ನೆಕ್ಕುತ್ತೆ. ಅದಕ್ಕೇ ಮಿಸ್ಟಿಂಗ್ ಪಂಪು, ಜೊತೆಗೆ ಮೇಲಿಂದ ಹನಿ ಹನಿ ಬೀಳೋ ಡ್ರಿಪ್ಪರ್. ಪಂಪಿನ ಪ್ಲಗ್ ಬಕೆಟ್ ಹತ್ರ ಇಡಬೇಡಿ, ಆಚೆ ಎತ್ತರದಲ್ಲಿರಲಿ, ವೈರ್ ಪ್ಲಗ್ಗಿಗೆ ಹೋಗೋ ಮುಂಚೆ ಒಂದು ಸುತ್ತು ಕೆಳಕ್ಕೆ ಇಳಿದು ಹೋಗ್ಬೇಕು, ನೀರು ಜಾರಿದ್ರೂ ಅಲ್ಲೇ ತೊಟ್ಟಿಕ್ಕುತ್ತೆ.

ಗಿಡಕ್ಕೆ ದಾಸವಾಳ, ಮನಿಪ್ಲಾಂಟ್, ಅಂಬ್ರೆಲಾ ಪ್ಲಾಂಟ್. ವೇಲ್ಡ್ ಗೋಸುಂಬೆ ಎಲೇನೂ ತಿನ್ನುತ್ತೆ, ಔಷಧಿ ಹೊಡೆದ ಗಿಡ ಆಗಿದ್ರೆ ಎಲೆ ತೊಳೆದು ಮಣ್ಣು ಬದಲಾಯಿಸಿ, ಸ್ವಲ್ಪ ಕಾಲ ಆಚೆ ಇಟ್ಟು ಆಮೇಲೆ ಒಳಗೆ. ಕೊಂಬೆಗಳು ಪೆನ್ಸಿಲ್ ದಪ್ಪದಿಂದ ಹೆಬ್ಬೆರಳು ದಪ್ಪದ ತನಕ ಬೇರೆಬೇರೆ ಇರ್ಲಿ, ಕೆಲವು ಅಡ್ಡ ಕೆಲವು ಓರೆ, ಎರಡು ಮೂರು ಬೆರಳು ಒಟ್ಟಿಗೆ ಅಂಟಿರೋ ಆ ಪಾದ ಹಿಡಿಯೋಕಂತಾನೇ ಇರೋದು.

ಲೈಟ್ ವಿಷಯ ಮಾತ್ರ ಕಾಸಿಗೆ ನೋಡ್ಬೇಡಿ. ಯುವಿಬಿಗೆ, ಅಂದ್ರೆ ಬಿಸಿಲಲ್ಲಿರೋ ಒಂದು ಬಗೆ ನೇರಳಾತೀತ ಕಿರಣಕ್ಕೆ, ಉದ್ದನೆಯ ಟಿ5 (ತೆಳ್ಳಗಿನ) ಟ್ಯೂಬ್, ಮೆಶ್ ಮೇಲ್ಗಡೆ. ಕಿಟಕಿ ಬಿಸಿಲು ಸಾಕಲ್ವಾ ಅಂತ ಕೇಳ್ತಾರೆ, ಸಾಲಲ್ಲ, ಗಾಜು ಯುವಿಬಿನ ತಡೆದುಬಿಡುತ್ತೆ, ಯುವಿಬಿ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲ್ಲ, ಕ್ಯಾಲ್ಸಿಯಂ ಸೇರಲ್ಲ, ಮೂಳೆ ಬಾಗುತ್ತೆ. ಮೆಶ್ಶೂ ಒಂದಷ್ಟು ತಿನ್ನುತ್ತೆ, ಹಂಗಾಗಿ ಕೊಂಬೆ ಎಷ್ಟು ಕೆಳಗಿರ್ಬೇಕು ಅನ್ನೋದನ್ನ ಮೀಟರ್ ಹಿಡಿದೇ ನೋಡ್ದೆ, ಗೋಸುಂಬೆ ಬೆನ್ನು ಬರೋ ಜಾಗದಲ್ಲಿ ಯುವಿ ಇಂಡೆಕ್ಸ್ (ಆ ಕಿರಣ ಎಷ್ಟು ಜೋರಿದೆ ಅನ್ನೋ ಅಳತೆ) 3ರ ಆಸುಪಾಸು ಇರೋ ಹಂಗೆ. ಬಿಸಿಗೆ ಎಲ್‌ಇಡಿ ಅಲ್ಲದ ಹಳೇ ತರದ ಫಿಲಮೆಂಟ್ ಬಲ್ಬ್, ಸೆರಾಮಿಕ್ ಹೋಲ್ಡರ್, ಮರಕ್ಕೆ ತಾಗದ ಹಾಗೆ ಸರಪಳೀಲಿ ನೇತಾಕಿದೀನಿ. ಕೊಂಬೆ ಹತ್ರ 29-30 ಡಿಗ್ರಿ, ಕೆಳಗೆ ತಂಪು, ರಾತ್ರಿ ಎಲ್ಲಾ ಆಫ್. ಉಷ್ಣಾಂಶ ಅಳೀವಾಗ ಕೊಂಬೆ ಮೇಲೆ ಅಳೆದ್ರೆ ಸಾಲಲ್ಲ, ಕಿರೀಟದ ತುದಿ ಎಲ್ಲಿಗೆ ಬರುತ್ತೋ ಅಲ್ಲಿ ಅಳೀರಿ, ಸುಟ್ಟರೂ ಇವು ಜರುಗದೆ ಕೂತಿರ್ತವೆ.

ಎಲ್ಲಾ ಮುಗಿದ್ಮೇಲೂ ಖಾಲಿ ಬೀರುನೇ ಓಡಿಸಿ ನೋಡ್ದೆ, ಲೈಟ್ 12 ಗಂಟೆ ಟೈಮರಲ್ಲಿ. ಬೆಳಿಗ್ಗೆ ಸಿಂಪಡಿಸಿದ್ದು ಮಧ್ಯಾಹ್ನಕ್ಕೆ ಎಲೆ ಮೇಲೆ ಒಣಗಿರ್ಬೇಕು, ಒದ್ದೆ ಒದ್ದೆ ಇದ್ರೆ ಗಾಳಿ ಸಾಲ್ತಿಲ್ಲ ಅಂತ ಅರ್ಥ, ಸೀಳು ಅಗಲ ಮಾಡಿ. ತೇವ ಮತ್ತು ನಿಂತ ಗಾಳಿ ಸೇರಿದ್ರೆ ಶ್ವಾಸಕೋಶದ ಸೋಂಕು ಬರೋ ದಾರಿ.

ಈಗ ನೋಡ್ಕೊಳ್ಳೋದು ಅಂದ್ರೆ ಟ್ಯೂಬ್ ವರ್ಷಕ್ಕೊಮ್ಮೆ ಬದಲಾವಣೆ, ಉರೀತಾ ಇದ್ರೂ ಯುವಿಬಿ ಕುಗ್ಗಿರುತ್ತೆ, ಆಮೇಲೆ ಕೋಟಿಂಗ್ ಎಲ್ಲಾದ್ರೂ ಬಿಟ್ಟಿದ್ಯಾ ಅಂತ ಆಗಾಗ ಒಂದು ಕಣ್ಣು. ನಿಮ್ಮದು ಹೆಣ್ಣಾದ್ರೆ ಇನ್ನೊಂದು ಕೆಲಸ ಸೇರಿಸ್ಕೊಳಿ, ಗಂಡು ಇಲ್ಲದಿದ್ರೂ ಮೊಟ್ಟೆ ಇಡ್ತವೆ, ತೋಡೋಕೆ ಒಂದಡಿ ಆಳದ ಒದ್ದೆ ಮರಳಿನ ತೊಟ್ಟಿ ಇಡ್ಬೇಕು, ಇಲ್ಲದಿದ್ರೆ ಮೊಟ್ಟೆ ಒಳಗೇ ಸಿಕ್ಕಿ ಸಾಯೋ ಅಪಾಯ ಇದೆ. ಆ ಮರಳಿನ ಭಾರ ಬೀರು ನೆಲ ತಡೆಯಲ್ಲ, ಪಿವಿಸಿ ಕೂರಿಸೋಕೆ ಮುಂಚೇನೇ ಕೆಳಗಡೆಯಿಂದ ಎರಡು ಅಡ್ಡ ಪಟ್ಟಿ ಕೊಟ್ಬಿಡಿ.