ಟೈಲ್ಸ್ ಮೇಲೆ ಸ್ಟೀಲ್ ಹುಕ್ ಗಟ್ಟಿಯಾಗಿ ಅಂಟಿಸುವುದು ಹೇಗೆ?

ಬಚ್ಚಲುಮನೆಯಲ್ಲಿ ಅಂಟಿಸಿದ ಸ್ಟೀಲ್ ಹುಕ್ ಕಳಚಿ ಬಿದ್ದರೆ ಎಲ್ಲರೂ ಬೈಯುವುದು ಅಂಟನ್ನೇ. ಬಿದ್ದ ಹುಕ್ಕಿನ ಹಿಂಬದಿ ನೋಡಿ. ಬಹಳ ಸಲ ಅಂಟು ಇಡಿಯಾಗಿ ಸ್ಟೀಲಿನ ಮೇಲೇ ಉಳಿದಿರುತ್ತದೆ, ಟೈಲ್ಸ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಅಂಟು ಚೆನ್ನಾಗಿಯೇ ಇತ್ತು. ಅದಕ್ಕೆ ಹಿಡಿದುಕೊಳ್ಳಲು ಜಾಗ ಸಿಗಲಿಲ್ಲ, ಅಷ್ಟೆ.

ಮೊದಲು ನಾಣ್ಯದಿಂದ ಟೈಲ್ಸ್ ತಟ್ಟಿ. ಟೊಳ್ಳು ಸದ್ದು ಬಂದರೆ ಬೇರೆ ಟೈಲ್ಸ್ ಆರಿಸಿ. ಹುಕ್ ಕೂರುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ. ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಸೋಪಿನ ಜಿಡ್ಡು ತೊಳೆಯಿರಿ.

ಇನ್ನು ಉಜ್ಜುವ ಕೆಲಸ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಮರಕ್ಕೆ ಉಜ್ಜುವ ಉಪ್ಪುಕಾಗದ ಟೈಲ್ಸಿನ ಗ್ಲೇಜ್, ಅಂದರೆ ಮೇಲಿನ ಗಾಜಿನಂಥ ಹೊಳಪು ಪದರದ ಮುಂದೆ ನಿಲ್ಲುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಪ್ಪು ವಾಟರ್ ಪೇಪರ್, 120 ನಂಬರಿನದು ಕೇಳಿ. ನೀರಲ್ಲಿ ಅದ್ದಿ, ಹೆಬ್ಬೆರಳಿನಿಂದ ಒತ್ತಿ, ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಉಜ್ಜಿ. ಹೊಳಪು ಹೋಗಿ ಮಂಕಾಗಬೇಕು. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಎಲ್ಲಾದರೂ ಮಿಣುಕು ಚುಕ್ಕೆ ಕಂಡರೆ ಅಲ್ಲಿ ಇನ್ನೂ ಉಜ್ಜಿಲ್ಲ ಅಂತಲೇ ಅರ್ಥ. ಹುಕ್ಕಿನ ಹಿಂಬದಿಗೂ ಇದೇ ಉಪಚಾರ. ಕ್ರೋಮ್ ಲೇಪನದ ಅಗ್ಗದ ಹುಕ್ ತರಲೇಬೇಡಿ. ಲೇಪನವೇ ಸಿಪ್ಪೆಯಂತೆ ಏಳುತ್ತದೆ. ಸಾದಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು.

ಕರೆಂಟ್ ಕಂಬದ ಪಿಂಗಾಣಿ ಇನ್ಸುಲೇಟರ್‌ಗೆ ಕಬ್ಬಿಣದ ಟೋಪಿಯನ್ನು ಸಿಮೆಂಟಿನಿಂದಲೇ ಕೂರಿಸುತ್ತಾರೆ. ಸಿಮೆಂಟ್ ತಾಗುವ ಕಡೆ ಪಿಂಗಾಣಿಯನ್ನು ನುಣುಪಾಗಿ ಬಿಡುವುದಿಲ್ಲ. ಮರಳಿನಂಥ ಹರಳುಗಳನ್ನು ಗ್ಲೇಜಿನ ಜೊತೆಗೇ ಸುಟ್ಟು ಒರಟು ಮಾಡಿರುತ್ತಾರೆ. ಅಷ್ಟು ಭಾರ ಹೊರುವ ಬೆಸುಗೆಗೂ ಮೊದಲು ಬೇಕಾದದ್ದು ಒರಟುತನ!

ಉಜ್ಜಿದ ಮೇಲೆ ಬಿಳಿ ಹತ್ತಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಿ. ಒಂದೇ ದಿಕ್ಕಿಗೆ ಒರೆಸಬೇಕು, ಬಟ್ಟೆಯ ಮಡಿಕೆ ಬದಲಿಸುತ್ತಿರಬೇಕು. ಕಿಟಕಿ ತೆರೆದಿರಲಿ, ಗ್ಯಾಸ್ ಗೀಸರ್ ಆಫ್ ಇರಲಿ. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುತ್ತದೆ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಎಣ್ಣೆಯೂ ಸೆಂಟೂ ಇರಬಹುದು. ಈಗ ಒಂದು ಚಮಚ ನೀರು ಚೆಲ್ಲಿ. ನೀರು ತೆಳ್ಳಗೆ ಹರಡಿಕೊಂಡರೆ ಸರಿ. ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಮತ್ತೆ ಒರೆಸಿ. ಆಮೇಲೆ ಒಂದು ರಾತ್ರಿ ಒಣಗಲು ಬಿಡಿ. ಬೆರಳು ತಾಗಿಸಬೇಡಿ.

ಅಂಟಿಗೆ ನಿಧಾನಕ್ಕೆ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿಯೇ ಬೇಕು. ಐದು ನಿಮಿಷದ್ದು ನೀರು, ಬಿಸಿ ಎರಡಕ್ಕೂ ಅಷ್ಟಾಗಿ ತಡೆಯುವುದಿಲ್ಲ. ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ಬಿಸಿನೀರಿನ ಹಬೆಗೆ ಸ್ಟೀಲ್ ಟೈಲ್ಸಿಗಿಂತ ಎರಡು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಪೆಡಸಾದ ತೆಳು ಅಂಟು ಆ ಎಳೆತಕ್ಕೆ ಬಿರಿಯುತ್ತದೆ. ಪ್ಯಾಕೆಟ್ ಮೇಲೆ ಬರೆದ ಅಳತೆಯಲ್ಲೇ ಎರಡನ್ನೂ ತೆಗೆದುಕೊಂಡು, ಬಣ್ಣ ಒಂದೇ ಆಗುವವರೆಗೆ ಕಲಸಿ. ಬೇಗ ಒಣಗಲಿ ಅಂತ ಹಾರ್ಡನರ್ (ಅಂಟನ್ನು ಗಟ್ಟಿ ಮಾಡುವ ಎರಡನೇ ಟ್ಯೂಬು) ಜಾಸ್ತಿ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ಅಂಟಿನ ಬಲ ಕಡಿಮೆಯಾಗುತ್ತದೆ. ಎರಡೂ ಕಡೆ ತೆಳ್ಳಗೆ ಸವರಿ ಒತ್ತಿ, ಆದರೆ ಅಂಟೆಲ್ಲ ಹೊರಗೆ ಬರುವಷ್ಟು ಒತ್ತಬೇಡಿ. ಜಾರದಂತೆ ಟೇಪ್ ಹಾಕಿ 24 ಗಂಟೆ ಬಿಡಿ. ಮಳೆಗಾಲದಲ್ಲಿ ಎರಡು ದಿನ.

ಟವೆಲ್, ಮಗ್ಗು ತೂಗಲು ಇಷ್ಟು ಸಾಕು. ವಯಸ್ಸಾದವರು ಹಿಡಿದು ಏಳುವ ಕಂಬಿಯನ್ನು ಮಾತ್ರ ಯಾವ ಅಂಟಿನಿಂದಲೂ ಕೂರಿಸಬೇಡಿ. ಅದಕ್ಕೆ ಗೋಡೆ ಕೊರೆದು ಆ್ಯಂಕರ್ ಬೋಲ್ಟ್ ಹಾಕಿಸಲೇಬೇಕು.

ಕೊನೆಗೆ ಅಂಚಿನೊಳಗೆ ನೀರು ಇಳಿಯದಂತೆ ಸುತ್ತ ಸಿಲಿಕೋನ್ ಎಳೆಯಿರಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಲೋಹವನ್ನು ತಿನ್ನಬಹುದು. ಅಂಗಡಿಯಲ್ಲಿ ನ್ಯೂಟ್ರಲ್ ಕ್ಯೂರ್, ಅಂದರೆ ಒಣಗುವಾಗ ಆ ಹುಳಿ ಆಮ್ಲ ಬಿಡದ ಬಗೆಯದು, ಅಂತಲೇ ಕೇಳಿ ತನ್ನಿ.