ಫರ್ನ್ ಗರಿ ಬಿಳಿಚಿಕೊಂಡದ್ದು ಸರಿಹೋದ ಬಗೆ

ಬಾಸ್ಟನ್ ಫರ್ನ್‌ನ ಗರಿಗಳು ಬಿಳಿಚಿಕೊಂಡು, ತುದಿಗಳು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು. ಮಣ್ಣು ಒದ್ದೆಯಾಗೇ ಇತ್ತು, ಹಾಗಾಗಿ ನೀರಿನ ಕೊರತೆಯಲ್ಲ. ಪಶ್ಚಿಮದ ಕಿಟಕಿಯಿಂದ ಬೀಳುತ್ತಿದ್ದ ಮಧ್ಯಾಹ್ನದ ನೇರ ಬಿಸಿಲೇ ಕಾರಣ. ಕುಂಡವನ್ನು ಪೂರ್ವದ ಕಿಟಕಿಯಿಂದ ಒಂದು ಮೀಟರ್ ಒಳಕ್ಕೆ ಇಟ್ಟು, ತೆಳು ಪರದೆ ಹಾಕಿದೆ. ಸುಟ್ಟ ಗರಿ ಮತ್ತೆ ಹಸಿರಾಗುವುದಿಲ್ಲ, ಬುಡದಲ್ಲೇ ಕತ್ತರಿಸಬೇಕು. ಸುರುಳಿಯಾಗಿ ಬಂದ ಹೊಸ ಗರಿಗಳು ಸುಡದೆ ಬಿಚ್ಚಿಕೊಂಡವು.

ಬೆಳಕು ಅಳೆಯಲು ಅಂಗೈ ಸಾಕು. ಎಲೆಯಿಂದ 30 ಸೆಂ.ಮೀ. ಮೇಲೆ ಹಿಡಿದಾಗ ನೆರಳಿನ ಅಂಚು ಮಸುಕಾಗಿದ್ದರೆ ಸರಿ, ಚೂಪಾಗಿದ್ದರೆ ಹೆಚ್ಚು. ನೆರಳೇ ಬೀಳದಿದ್ದರೆ ಗರಿಗಳು ಜೋಲುಬಿದ್ದು ವಿರಳವಾಗುತ್ತವೆ.

ಹೊರಗಿಡುವುದಾದರೆ ಮರದಡಿ ಅಥವಾ 75% ಬಿಸಿಲು ತಡೆಯುವ ನೆರಳುಬಲೆಯಡಿ. ಅದೂ ವಾರ, ಹತ್ತು ದಿನ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ. ಅಂದಹಾಗೆ, ಎಲೆಯಡಿ ಸಾಲಾಗಿ ಕಾಣುವ ಕಂದು ಚುಕ್ಕೆಗಳು ಬೀಜಕಗಳ (ಫರ್ನ್‌ಗೆ ಬೀಜದ ಬದಲಿರುವ ಸೂಕ್ಷ್ಮ ಕಣಗಳ) ಗೊಂಚಲು, ರೋಗವಲ್ಲ. ದಯವಿಟ್ಟು ಔಷಧಿ ಹೊಡೆಯಬೇಡಿ.